ಎರಡು ಹಾಜರಿಗಳ ನಡುವೆ

ಸೊಲ್ಲಾಪುರ ಸೀಮೆಯ ಜನಾಂಗಗಳನ್ನು ಕುರಿತ ಸಂಶೋಧನ ಲೇಖನಗಳನ್ನು ಓದುವಾಗ ನಮಗೊಂದು ಶಂಕೆ ಬಾರದಿರದು. ಕೈಕಾಡಿ, ಭಾಮಟಾ, ಪಾರಧಿಗಳ ಪ್ರಸ್ತಾಪ ಬಂದೊಡನೆ ಲೇಖಕರು ಕಣ್ಣು ಮುಚ್ಚಿ ಗ್ಯಾಝೆಟಿಯರನ್ನು ತೆರೆಯುತ್ತಾರೆ. ಉಡುಗೆ ಇಂತಹದು, ಆಹಾರ ಇಂತಹದು, ಕಸುಬು ಕಳವು, ಮುಗಿಯಿತು. ಇದನ್ನು ಮೊದಲು ಬರೆದವರಾರು, ಯಾರ ಉಪಯೋಗಕ್ಕೆ ಬರೆದರು ಎಂದು ಕೇಳುವವರು ವಿರಳ. ಮುಂಬಯಿ ಇಲಾಖೆಯ ಪೋಲೀಸ್ ಅಧಿಕಾರಿ ಕೆನೆಡಿ ಎಂಬವರು 1908ರಲ್ಲಿ ಇಂತಹ ಜನಾಂಗಗಳ ಮೇಲೊಂದು ಹೊತ್ತಗೆಯನ್ನು ಹೊರತಂದರು. ಅದು ಹಿಡಿಯುವವರಿಗಾಗಿ ಬರೆದ ಪುಸ್ತಕ. ಹಿಡಿಯುವವರ ಕೈಪಿಡಿಯನ್ನು ಅರಿಯುವವರು ಆಕರವೆಂದು ಎತ್ತಿಕೊಂಡರೆ ಪಾಂಡಿತ್ಯಕ್ಕೂ ಫೌಜದಾರಿಕೆಗೂ ಏನು ಭೇದ?

ಕಾನೂನಿನ ಕಥೆ ಸಂಕ್ಷೇಪವಾಗಿ ಇಷ್ಟು. 1871ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಹುಟ್ಟಿದ ಗುನ್ಹೇಗಾರ ಜಾತಿಗಳ ಕಾಯಿದೆ 1911ರಲ್ಲಿ ಮುಂಬಯಿ ಇಲಾಖೆಗೂ ಹಬ್ಬಿತು. ಹುಟ್ಟಿದ ಮಾತ್ರಕ್ಕೆ ಮನುಷ್ಯ ಶಂಕಿತನಾದನು. ಹೆಸರಿನ ದಾಖಲೆ, ಬೆರಳೊತ್ತು, ಚಾವಡಿಯ ಹಾಜರಿ, ಊರು ಬಿಡಲು ಪರವಾನಗಿ. ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳೆದ್ದವು. ತಂತಿಯ ಬೇಲಿಯೊಳಗಿನವರು ಹಗಲು ಗಿರಣಿಯ ಕೂಲಿಗಳು, ಸಂಜೆ ಮತ್ತೆ ಹಾಜರಿಯ ಸಾಲಿನವರು. ಸುಧಾರಣೆಯೆಂಬುದು ಸರಕಾರದ ಮಾತು. ಗಿರಣಿಗೆ ಕೈಗಳು ಬೇಕಾಗಿದ್ದವೆಂಬುದೂ ಸುಳ್ಳಲ್ಲ. ಮುಂಬಯಿ ಪ್ರಾಂತ 1949ರಲ್ಲಿ ಈ ಕಾಯಿದೆಯನ್ನು ತೆಗೆಯಿತು. ಕೇಂದ್ರ ಸರಕಾರ 1952ರ ಆಗಸ್ಟ್ 31ರಂದು. ನಮ್ಮ ಬೋರಾಮಣಿಯಿಂದ ಸೊಲ್ಲಾಪುರ ಪೇಟೆಗೆ ಹೋದರೆ ‘ಸೆಟ್ಲಮೆಂಟ ಫ್ರೀ ಕಾಲನಿ’ ಎಂಬ ಬಡಾವಣೆಯ ಹೆಸರು ಇಂದಿಗೂ ಕೇಳಿಬರುತ್ತದೆ. ಬಿಡುಗಡೆಯಾಯಿತೆಂದು ಸಾರುವುದಕ್ಕೂ ಬೇಲಿಯ ಹೆಸರನ್ನೇ ಹೊತ್ತುಕೊಳ್ಳಬೇಕಾಗಿದೆ.

ಇದು ನಮ್ಮ ಸೀಮೆಗಷ್ಟೇ ಸೀಮಿತವಾದ ಸಂಗತಿಯಲ್ಲ. ಕೆನಡಾದ ಹಿಮಪ್ರದೇಶದ ಇನೂಯಿಟ್ ಜನರಿಗೆ ಅಲ್ಲಿಯ ಸರಕಾರ 1940ರ ದಶಕದಲ್ಲಿ ಅಂಕಿ ಕೊರೆದ ಬಿಲ್ಲೆಗಳನ್ನು ಹಂಚಿತು. ಅವರ ಹೆಸರುಗಳು ಕಚೇರಿಯ ನಾಲಗೆಗೆ ಹೊರಳಲಿಲ್ಲವಾದ್ದರಿಂದ ಅಂಕಿಯೇ ಹೆಸರಾಯಿತು. 1953ರಲ್ಲಿ ಇನುಕ್‌ಜುವಾಕಿನ ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ ಉತ್ತರಕ್ಕೆ ಸಾಗಿಸಿದರು. ಅದಕ್ಕೆ ಸರಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಎಸ್ಕಿಮೋ ಎಂಬುದು ಇತರರು ಕೊಟ್ಟ ಹೆಸರು. ಇನೂಯಿಟ್ ಎಂದರೆ ಅವರ ನುಡಿಯಲ್ಲಿ ‘ಜನರು’. 1999ರಲ್ಲಿ ಅವರಿಗೆ ನೂನವುಟ್ ಎಂಬ ತಮ್ಮದೇ ಪ್ರಾಂತ ದೊರೆಯಿತು. ನಮ್ಮ ವಿಮುಕ್ತರಿಗೆ ನೆಲ ದೊರೆಯಲಿಲ್ಲ; ದೊರೆತದ್ದು ಲೇಖನಿ.

ಆ ಲೇಖನಿಯ ಎರಡು ಫಲಗಳನ್ನು ಇಲ್ಲಿ ಪರಾಮರ್ಶಿಸಬೇಕು. ಲಕ್ಷ್ಮಣ ಮಾನೆಯವರ ‘ಉಪರಾ’ 1980ರಲ್ಲಿಯೂ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ 1987ರಲ್ಲಿಯೂ ಮರಾಠಿಯಲ್ಲಿ ಪ್ರಕಟವಾದವು. ಎರಡಕ್ಕೂ ಸಾಹಿತ್ಯ ಅಕಾಡೆಮಿಯ ಮನ್ನಣೆ ಬಂದಿತು. ಉಪರಾ ಎಂದರೆ ಹೊರಗಿನವ, ಉಚಲ್ಯಾ ಎಂದರೆ ಎತ್ತಿಕೊಂಡು ಹೋಗುವವ. ಇನೂಯಿಟರು ಪರರ ಹೆಸರನ್ನು ಕಳಚಿದರೆ, ಇವರು ಅದನ್ನೇ ಹೊದಿಕೆಯ ಮೇಲೆ ಅಚ್ಚುಹಾಕಿಸಿ ಓದುಗನ ಮುಂದಿರಿಸಿದರು. ಯಾವುದು ಹೆಚ್ಚಿನ ಧೈರ್ಯವೆಂದು ನಿರ್ಣಯಿಸಲು ನಾವು ಹೋಗುವುದಿಲ್ಲ.

ಕಲೆಯ ದೃಷ್ಟಿಯಿಂದ ‘ಉಪರಾ’ ಮೇಲೆನಿಸುತ್ತದೆ. ಕತ್ತೆಗಳ ಮೇಲೆ ಸಂಸಾರ ಹೇರಿಕೊಂಡು ಬುಟ್ಟಿ ಹೆಣೆಯುತ್ತ ಅಲೆಯುವ ತಂದೆ ಮಗನನ್ನು ಸಾಲಿಗೆ ಹಾಕುವ ಹಟ, ಬಿಡಾರ ಎದ್ದಾಗಲೆಲ್ಲ ಕಡಿಯುವ ಪಾಠ, ಮರಾಠಿಯೊಳಗೆ ನುಗ್ಗಿ ಬರುವ ಕೈಕಾಡಿ ಮಾತು, ಇವು ಒಂದರೊಳಗೊಂದು ಹೆಣೆದುಕೊಂಡಿವೆ. ‘ಉಚಲ್ಯಾ’ದ ಉತ್ತರಾರ್ಧದಲ್ಲಿ ಗಿರಣಿಯ ಸಂಘಟನೆ, ಸಭೆ, ಚಳವಳಿಗಳ ವೃತ್ತಾಂತ ವರದಿಯಂತೆ ಸಾಗಿ ಬಿಗಿ ಸಡಿಲುತ್ತದೆ. ಆದರೆ ಪೂರ್ವಾರ್ಧದ ಒಂದು ಪ್ರಸಂಗವನ್ನು ಶಿಕ್ಷಕನಾದವನು ಮರೆಯಲಾರ. ಹುಡುಗ ಸಾಲಿಗೆ ಹೋಗತೊಡಗಿದ ಮೇಲೆ ಕೇರಿಯ ಮಕ್ಕಳಿಗೆ ವಾಂತಿಭೇದಿ ತಗಲುತ್ತದೆ. ಇವನ ಓದೇ ಅದಕ್ಕೆ ಕಾರಣವೆಂದು ಹಿರಿಯರು ತಂದೆಯ ಮೇಲೆ ಹರಿಹಾಯುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ನಾಲ್ಕು ತಲೆಮಾರು ಹಾಜರಿಯೆಂದರೆ ಪೋಲೀಸರ ಹಾಜರಿಯನ್ನೇ ಬಲ್ಲ ಜನಕ್ಕೆ ಮಾಸ್ತರನ ಹಾಜರಿಪಟ್ಟಿಯೂ ಅದರ ತಮ್ಮನಾಗಿ ಕಂಡರೆ ಆಶ್ಚರ್ಯವೇನು? ಪಟಸಂಖ್ಯೆಗಾಗಿ ಕೇರಿ ಸುತ್ತಿ ಬರಿಗೈಯಲ್ಲಿ ಮರಳುವ ನಮ್ಮ ಬಂಧುಗಳು ಈ ಪುಟಗಳನ್ನು ಓದಿಯೇ ಮತ್ತೆ ಹೊರಡುವುದು ಒಳಿತು.

ಗಡಿನಾಡಿನವರಾದ ನಮಗೆ ಇನ್ನೊಂದು ಹೊಣೆಯೂ ಉಂಟು. ಇಲ್ಲಿ ಕೈಕಾಡಿ ಎನಿಸಿಕೊಂಡವರನ್ನು ವಿದ್ವಾಂಸರು ಕರ್ನಾಟಕದ ಕೊರವರ ಬಳಗಕ್ಕೆ ಸೇರಿಸುತ್ತಾರೆ. ಅವರ ಮನೆಮಾತು ದ್ರಾವಿಡ ಕುಲದ್ದು. 1956ರ ಪುನರ್ವಿಂಗಡಣೆಯ ಗೆರೆ ಈ ಬಳಗವನ್ನೂ ಸೀಳಿತು. ಗೆರೆಯಾಚೆ ಇಂಡಿ ತಾಲೂಕಿನಲ್ಲಿ ಕೊರವ ಪರಿಶಿಷ್ಟ ಜಾತಿ. ಈಚೆ ಅಕ್ಕಲಕೋಟೆಯಲ್ಲಿ ಕೈಕಾಡಿ ವಿಮುಕ್ತ ಜಾತಿ. ವಿದರ್ಭಕ್ಕೆ ಹೋದರೆ ಅದೇ ಕೈಕಾಡಿ ಪುನಃ ಪರಿಶಿಷ್ಟ. ಗೆರೆಯಾಚೆ ಮದುವೆಯಾಗಿ ಹೋದ ಮಗಳ ಮಕ್ಕಳಿಗೆ ಒಂದು ದಾಖಲೆ, ಈಚೆ ಉಳಿದ ಮಗನ ಮಕ್ಕಳಿಗೆ ಇನ್ನೊಂದು. ಸಾಲೆಯ ದಾಖಲೆಪುಸ್ತಕದಲ್ಲಿ ಜಾತಿಯ ಅಂಕಣ ತುಂಬುವ ಕೈ ನಮ್ಮದೇ. ಅಲ್ಲಿ ಬಿದ್ದ ಒಂದು ಅಕ್ಷರದ ತಪ್ಪು ಮುಂದೆ ಜಾತಿ ಪ್ರಮಾಣಪತ್ರದ ಪರಿಶೀಲನೆಯಲ್ಲಿ ಹುಡುಗನ ದಾರಿಗೆ ಅಡ್ಡ ನಿಲ್ಲುತ್ತದೆ.

ಸೆಟ್ಲಮೆಂಟಿನಲ್ಲಿ ಹುಟ್ಟಿದ ಮುದುಕರು ಕಡಿಮೆಯಾಗುತ್ತ ನಡೆದಿದ್ದಾರೆ. ಅವರ ಮನೆಮಾತಿನ ಪದಗಳನ್ನೂ ಬೇಲಿಯೊಳಗಿನ ನೆನಪುಗಳನ್ನೂ ಅವರ ಬಾಯಿಂದಲೇ ಕೇಳಿ, ಕೈಕಾಡಿ ಮಾತನ್ನು ಕನ್ನಡ ಲಿಪಿಯಲ್ಲಿ ಇದ್ದಂತೆಯೇ ಬರೆದಿಟ್ಟುಕೊಂಡರೆ, ಮುಂದಿನ ಸಂಚಿಕೆಯ ಲೇಖಕರಿಗೆ ಕೆನೆಡಿಯ ಹೊತ್ತಗೆಯ ಪಕ್ಕದಲ್ಲಿಡಲು ಒಂದು ಆಕರ ದೊರೆತಂತಾಗುತ್ತದೆ.