ರೂಢಿಯ ಪುಸ್ತಕಗಳು: ಕೆಲವು ವಿಚಾರಗಳು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾ ಪರೀಕ್ಷೆಗಳಿಗೆ ಓದುತ್ತಿರುವ ತರುಣರ ಕೋಣೆಗಳಲ್ಲಿ ಪಠ್ಯಗಳ ಮಗ್ಗುಲಲ್ಲೇ ಈಗ ವ್ಯಕ್ತಿತ್ವ ವಿಕಸನದ ಗ್ರಂಥಗಳು ಕಾಣಸಿಗುತ್ತವೆ. ಅವುಗಳಲ್ಲಿ ಎರಡನ್ನು, ಚಾರ್ಲ್ಸ್ ಡುಹಿಗ್ ಅವರ ‘ದಿ ಪವರ್ ಆಫ್ ಹ್ಯಾಬಿಟ್’ (2012) ಹಾಗೂ ಜೇಮ್ಸ್ ಕ್ಲಿಯರ್ ಅವರ ‘ಅಟಾಮಿಕ್ ಹ್ಯಾಬಿಟ್ಸ್’ (2018) ಎಂಬಿವನ್ನು, ಈಚೆಗೆ ಆಸ್ಥೆಯಿಂದ ಓದಿದೆವು.

ಡುಹಿಗ್ ಪತ್ರಕರ್ತರು. ಸೂಚನೆ, ಕ್ರಿಯೆ, ಪ್ರತಿಫಲ ಎಂಬ ಮೂರರ ಸುತ್ತೇ ರೂಢಿಯೆಂಬುದು ಅವರ ಪ್ರತಿಪಾದನೆ. ಗ್ರಂಥ ಸರಾಗವಾಗಿ ಓದಿಸಿಕೊಳ್ಳುತ್ತದೆ, ಕಥೆಗಳೇ ಹೆಚ್ಚಾದವು.

ಕ್ಲಿಯರ್ ಅವರದು ಹೆಚ್ಚು ಉಪಯುಕ್ತ. ಮನೋಬಲವೊಂದನ್ನೇ ನೆಚ್ಚದೆ ಸುತ್ತಣ ಪರಿಸರವನ್ನು ಅಣಿಗೊಳಿಸಬೇಕೆನ್ನುತ್ತಾರೆ. ಮಠದ ಪ್ರಸಾದನಿಲಯಗಳಲ್ಲಿ ಬೆಳೆದ ನಿಮಗೆ ಇದು ಹೊಸತಲ್ಲ. ನಸುಕಿನ ಗಂಟೆ, ಸಾಮೂಹಿಕ ಪ್ರಾರ್ಥನೆ, ಪ್ರಸಾದದ ಪಂಕ್ತಿ. ಮನಸ್ಸು ಒಪ್ಪುವ ಮೊದಲೇ ಕಾಲುಗಳು ಏಳುತ್ತಿದ್ದವು. ಬಾಡಿಗೆಯ ಕೋಣೆಯಲ್ಲಿ ಮೊಬೈಲು ಹಿಡಿದೇ ಮಲಗುವ ತರುಣನಿಗೆ ಆ ಆಸರೆಯಿಲ್ಲ. ಪುಸ್ತಕ ಕೊಳ್ಳುತ್ತಾನೆ, ಪಾಪ.

ಆದರೆ ದಿನಕ್ಕೆ ಶೇಕಡಾ 1ರಷ್ಟು ಸುಧಾರಿಸಿದರೆ ವರ್ಷದಲ್ಲಿ 37 ಪಟ್ಟು ಮೇಲಾಗಬಹುದೆಂಬ ಲೆಕ್ಕವನ್ನು ಒಪ್ಪಲಾರೆವು. ಚಕ್ರಬಡ್ಡಿಯ ಗಣಿತವಾಗಿ ಅದು ಸರಿ. ಮನುಷ್ಯನು ಬ್ಯಾಂಕಿನ ಠೇವಣಿಯಲ್ಲ. ಇಂದು ಒಂದು ಗಂಟೆ ಓದುವವನು ಮುಂದಿನ ವರ್ಷ ದಿನಕ್ಕೆ 37 ಗಂಟೆ ಓದುವನೇ? 21 ದಿನಗಳಲ್ಲಿ ರೂಢಿ ನೆಲೆಗೊಳ್ಳುವುದೆಂಬ ಮಾತೂ ಜನಜನಿತವಾಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಕುರಿತು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೇ ಬೇರೆ. ಅಲ್ಲಿ ಮಧ್ಯದ ಅಂಕ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಅಂತರ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡದೆಂದೂ ಅದರಲ್ಲಿ ಕಂಡುಬಂದಿತು. 22ನೆಯ ದಿನ ಎದೆಗುಂದುವ ವಿದ್ಯಾರ್ಥಿಗೆ ಯಾರಾದರೂ ಇದನ್ನು ತಿಳಿಸಬೇಕು.

ನಮ್ಮ ಮುಖ್ಯ ಆಕ್ಷೇಪ ಬೇರೊಂದು. ಪತಂಜಲಿ ಮಹರ್ಷಿಗಳು ಚಿತ್ತನಿರೋಧಕ್ಕೆ ಅಭ್ಯಾಸದೊಡನೆ ವೈರಾಗ್ಯವನ್ನೂ ಹೇಳಿದರು. ಈ ಗ್ರಂಥಗಳಲ್ಲಿ ಅಭ್ಯಾಸವೊಂದೇ ಉಳಿದಿದೆ. ಅದು ಯಾವುದಕ್ಕಾಗಿ ಎಂಬ ವಿಚಾರಣೆ ತೀರ ತೆಳುವು. ಮಾಡಿದ ಕಾರ್ಯವು ಒಡನೆಯೇ ತೃಪ್ತಿ ಕೊಡುವಂತಿರಬೇಕೆಂಬುದು ಕ್ಲಿಯರ್ ಅವರ ನಾಲ್ಕನೆಯ ಸೂತ್ರ. ದಾಸೋಹದಲ್ಲಿ ತೃಪ್ತಿಯಾಗಬೇಕಾದದ್ದು ಉಣ್ಣುವವನಿಗೆ. ಬಡಿಸುವವನನ್ನು ಈ ಸೂತ್ರದಲ್ಲಿ ಎಲ್ಲಿಡುವುದು?

ರೂಢಿ ಬಲಿತಂತೆ ಗಮನ ಕುಗ್ಗುವುದೆಂದು ಅವರೇ ಕಡೆಯ ಭಾಗದಲ್ಲಿ ಎಚ್ಚರಿಸಿ, ಅದಕ್ಕೆ ಕೆಲವೇ ಪುಟಗಳನ್ನು ಕೊಟ್ಟಿದ್ದಾರೆ. ಇಷ್ಟಲಿಂಗಪೂಜೆಯಲ್ಲಿ ಕೈ ತಾನಾಗಿ ವಿಭೂತಿ ಧರಿಸುತ್ತಿರಲು ಮನಸ್ಸು ಪೇಟೆಯಲ್ಲಿ ಅಲೆಯುವುದನ್ನು ಬಲ್ಲವರಿಗೆ ಅದೇ ಪುಸ್ತಕದ ಜೀವಾಳವಾಗಬೇಕಿತ್ತು. ತರುಣರು ಕ್ಲಿಯರ್ ಅವರನ್ನು ಓದಲಿ. ಆ ಕಡೆಯ ಭಾಗದಿಂದ ಆರಂಭಿಸಲಿ.