ಬಹುಭಾಷಿಕ ವಿಶ್ವವಿದ್ಯಾಲಯ ಮತ್ತು ಸಮಾಜವಿಜ್ಞಾನದ ಕನ್ನಡ: ಮೇಡ್ಲೇರಿ ಸೀಮೆಯಿಂದ ಒಂದು ಪರಿಶೀಲನೆ

೧

ವಿಶ್ವವಿದ್ಯಾಲಯವೊಂದನ್ನು ಬಹುಭಾಷಿಕವೆಂದು ಕರೆಯುವಾಗ ಎರಡು ಸಂಗತಿಗಳು ಒಂದರೊಡನೊಂದು ಬೆರೆತುಹೋಗುವುದುಂಟು. ಅಲ್ಲಿ ಕಲಿಯುವವರ ಮನೆಮಾತುಗಳು ಹಲವು ಎಂಬುದು ಒಂದು. ಅಲ್ಲಿ ಜ್ಞಾನವು ಹಲವು ಭಾಷೆಗಳಲ್ಲಿ ಹುಟ್ಟುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಭಾರತದ ಬಹುಪಾಲು ವಿಶ್ವವಿದ್ಯಾಲಯಗಳಿಗೆ ಸಲ್ಲುವ ಮಾತು, ಎರಡನೆಯದು ವಿರಳ. ಸಮಾಜವಿಜ್ಞಾನದ ಮಟ್ಟಿಗೆ ಈ ವ್ಯತ್ಯಾಸವು ಮೂಲಭೂತವಾದುದು. ಆ ಶಾಸ್ತ್ರದ ಅಧ್ಯಯನವಸ್ತು ಮಾತಾಡುವ ಮನುಷ್ಯ. ಅವನು ತನ್ನ ಬದುಕನ್ನು ಹೆಸರಿಸುವ ಬಗೆಯೂ ಅಧ್ಯಯನದ ಒಂದು ಭಾಗವೇ ಆಗಿದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಕರ್ನಾಟಕದಲ್ಲಿ ತಕ್ಕ ನಿದರ್ಶನವೆಂದರೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ರಾಜ್ಯ ಶಾಸನಸಭೆಯ ೨೦೧೦ರ ಅಧಿನಿಯಮದ ಮೂಲಕ ಸ್ಥಾಪಿತವಾದ ಈ ಖಾಸಗಿ ಸಂಸ್ಥೆಯು ೨೦೧೧ರಲ್ಲಿ ಶಿಕ್ಷಣ ಮತ್ತು ಅಭಿವೃದ್ಧಿಯ ಸ್ನಾತಕೋತ್ತರ ವ್ಯಾಸಂಗಗಳೊಂದಿಗೆ ಕಾರ್ಯಾರಂಭ ಮಾಡಿತು. ೨೦೧೫ರಲ್ಲಿ ಪದವಿ ತರಗತಿಗಳು ಸೇರಿದವು. ೨೦೨೩ರಲ್ಲಿ ಭೋಪಾಲದಲ್ಲಿ ಎರಡನೆಯ ಆವರಣ ಆರಂಭವಾಯಿತು. ಲಾಭವನ್ನು ಬಯಸದ, ಸಮಾಜವಿಜ್ಞಾನಗಳಿಗೆ ಮೊದಲ ಸ್ಥಾನ ಕೊಟ್ಟ ಖಾಸಗಿ ವಿಶ್ವವಿದ್ಯಾಲಯವೆಂಬ ಕಾರಣಕ್ಕೆ ಅದು ತಾಂತ್ರಿಕ ಹಾಗೂ ವೈದ್ಯಕೀಯ ಶಿಕ್ಷಣವನ್ನೇ ನೆಚ್ಚಿದ ಇತರ ಖಾಸಗಿ ಸಂಸ್ಥೆಗಳಿಗಿಂತ ಭಿನ್ನವಾಗಿದೆ. ಅಲ್ಲಿನ ಬೋಧನೆಯ ಮುಖ್ಯ ಭಾಷೆ ಇಂಗ್ಲಿಷ್. ಜೊತೆಗೆ ಕನ್ನಡ ಮತ್ತು ಹಿಂದಿಗಳಲ್ಲಿ ನಿಯತಕಾಲಿಕೆಗಳ ಪ್ರಕಟಣೆಯೂ ‘ಅನುವಾದ ಸಂಪದ’ವೆಂಬ ಅನುವಾದಗಳ ಭಂಡಾರವೂ ಇವೆ. ಈ ಕಾರ್ಯ ಅಭಿನಂದನೀಯವಾದುದು. ಆದರೆ ಇಲ್ಲಿ ಜ್ಞಾನವು ಯಾವ ದಿಕ್ಕಿನಲ್ಲಿ ಹರಿಯುತ್ತಿದೆಯೆಂಬುದನ್ನು ವಿಮರ್ಶೆಯು ಕೇಳಲೇಬೇಕಾಗುತ್ತದೆ.

೨

ಅನುವಾದದ ಮೂಲಕ ವಿಶ್ವವಿದ್ಯಾಲಯವೊಂದನ್ನು ದೇಶಭಾಷೆಯಲ್ಲಿ ಕಟ್ಟುವ ಪ್ರಯತ್ನ ಕನ್ನಡ ನೆಲಕ್ಕೆ ಹೊಸದಲ್ಲ. ಇಂದಿನ ಕಲ್ಯಾಣ ಕರ್ನಾಟಕದ ಬಹುಭಾಗವನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಗೊಂಡಿತು. ಅದರ ಅನುವಾದ ಸಂಸ್ಥೆಯು ಚರಿತ್ರೆ, ಅರ್ಥಶಾಸ್ತ್ರ, ವಿಜ್ಞಾನಗಳ ಗ್ರಂಥಗಳನ್ನು ಉರ್ದುವಿಗೆ ತಂದಿತು. ಆ ಗ್ರಂಥಗಳು ನೇರವಾಗಿ ತರಗತಿಯನ್ನು ಪ್ರವೇಶಿಸಿದವು. ಅನುವಾದವು ಬೋಧನೆಯ ಅಂಗವಾದುದು ಈ ಪ್ರಯೋಗದ ಬಲ. ಆದರೆ ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳ ಮಾತುಗಳಾದ ತೆಲುಗು, ಮರಾಠಿ, ಕನ್ನಡಗಳು ಹೊರಗೇ ಉಳಿದುದು ಅದರ ಮಿತಿ. ಇಂಗ್ಲಿಷಿನ ಸ್ಥಾನಕ್ಕೆ ಬೇರೊಂದು ಭಾಷೆ ಬಂದರೂ ಭಾಷೆಗಳ ಮೇಲುಕೀಳಿನ ಶ್ರೇಣಿ ಅಳಿಯಲಿಲ್ಲ.

ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ೧೯೫೬ರಿಂದ ೧೯೬೦ರವರೆಗೆ ಕುವೆಂಪು ಅವರು ಅಧ್ಯಯನ, ಸಂಶೋಧನೆ, ಪ್ರಸಾರಗಳೆಂಬ ಮೂರು ಅಂಗಗಳಲ್ಲಿ ವಿಶ್ವವಿದ್ಯಾಲಯವನ್ನು ಕಂಡರು. ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಸಂಶೋಧನೆಯ ಭಾಷೆ ಕನ್ನಡವೇ ಆಗಬಲ್ಲುದೆಂಬುದನ್ನು ತನ್ನ ಪ್ರಕಟಣೆಗಳಿಂದ ತೋರಿಸಿತು. ಇಂಥ ಸಾಂಸ್ಥಿಕ ಆಸರೆಯಿಲ್ಲದೆಯೇ ಶಂ.ಬಾ. ಜೋಶಿಯವರು ‘ಹಾಲುಮತ ದರ್ಶನ’ದಂಥ ಕೃತಿಯಲ್ಲಿ ನುಡಿಯನ್ನು ಅಗೆದು ಸಮಾಜದ ಚರಿತ್ರೆಯನ್ನು ಕಾಣುವ ವಿಧಾನವೊಂದನ್ನು ರೂಪಿಸಿದ್ದರು. ಕನ್ನಡದ ಲೇಖಕರೂ ಆಗಿದ್ದ ಸಮಾಜಶಾಸ್ತ್ರಜ್ಞ ಹಿರೇಮಲ್ಲೂರ ಈಶ್ವರನ್ ಅವರಾದರೋ ಶಿವಾಪುರವೆಂಬ ಹಳ್ಳಿಯ ಕುರಿತ ೧೯೬೮ರ ಅಧ್ಯಯನವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅನುಭವಕ್ಕೆ ಕನ್ನಡ, ಶಾಸ್ತ್ರಕ್ಕೆ ಇಂಗ್ಲಿಷ್ ಎಂಬ ಈ ವಿಭಜನೆಯನ್ನು ಒಬ್ಬ ವಿದ್ವಾಂಸರ ಆಯ್ಕೆಯೆನ್ನುವುದಕ್ಕಿಂತ ಒಂದು ಕಾಲದ ವ್ಯವಸ್ಥೆ ಎಂದೇ ತಿಳಿಯಬೇಕು. ಹೊಸ ವಿಶ್ವವಿದ್ಯಾಲಯಗಳಿಗೂ ಆ ವ್ಯವಸ್ಥೆ ಬಳುವಳಿಯಾಗಿ ಬಂದಿದೆ.

೩

ಈ ವಿಭಜನೆಯಿಂದಾಗುವ ನಷ್ಟವು ಕ್ಷೇತ್ರಕ್ಕಿಳಿದಾಗ ಸ್ಪಷ್ಟವಾಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯನ್ನು ಒಳಗೊಂಡ ಸೀಮೆಯನ್ನೇ ಪರಿಶೀಲಿಸಬಹುದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೆಬೆನ್ನೂರಿನ ಬೀಜೋತ್ಪಾದನೆ, ತುಂಗಭದ್ರೆಯ ನೀರು ಮತ್ತು ಮಳೆಯಾಶ್ರಿತ ಎರೆಹೊಲ ಒಂದಕ್ಕೊಂದು ಹೆಣೆದುಕೊಂಡಿರುವ ಈ ಭಾಗದಲ್ಲಿ ಭೂಮಿ ಮತ್ತು ದುಡಿಮೆಯ ಸಂಬಂಧಗಳನ್ನು ಸೂಚಿಸುವ ನುಡಿಸಂಪತ್ತು ಬಹು ಸೂಕ್ಷ್ಮವಾದುದು. ಹೊಲವನ್ನು ‘ಲಾವಣಿ’ಗೆ ಹಿಡಿದವನು ಗೊತ್ತಾದ ಮೊತ್ತವನ್ನು ಕೊಡುತ್ತಾನೆ; ಮಳೆ ಕೈಕೊಟ್ಟರೆ ನಷ್ಟ ಅವನದೇ. ‘ಕೋರು’ ಅಥವಾ ‘ಪಾಲಿಗೆ’ ಮಾಡಿದರೆ ಫಲದ ಜೊತೆಗೆ ಹಾನಿಯೂ ಹಂಚಿಕೆಯಾಗುತ್ತದೆ. ‘ಮುಯ್ಯಾಳು’ ಎಂಬಲ್ಲಿ ಕೂಲಿಯಿಲ್ಲ, ಆದರೆ ಋಣವಿದೆ. ‘ಅಡತಿ’ ಅಂಗಡಿಯ ವ್ಯಾಪಾರಿಯಲ್ಲಿ ಮಾರಾಟದ ದಲ್ಲಾಳಿಯೂ ಸಾಲ ಕೊಡುವವನೂ ಒಂದಾಗಿರುವುದುಂಟು. ಬೀಜೋತ್ಪಾದನೆಯ ಹೊಲದಲ್ಲಿ ಹೂವಿನ ಗಂಡುಭಾಗವನ್ನು ಕಿತ್ತು ಪರಾಗ ಮುಟ್ಟಿಸುವ ಕೆಲಸಕ್ಕೆ ಜನ ‘ಕ್ರಾಸಿಂಗ್’ ಎನ್ನುತ್ತಾರೆ. ಎರವಲು ಬಂದ ಈ ಪದವೂ ಈಗ ಈ ನೆಲದ ಕನ್ನಡವೇ ಆಗಿದೆ.

ಅನುವಾದಿತ ಸಮಾಜವಿಜ್ಞಾನದಲ್ಲಿ ಇವುಗಳಲ್ಲಿ ಹಲವು ‘ಗುತ್ತಿಗೆ’, ‘ಅನೌಪಚಾರಿಕ ವಲಯ’ ಎಂಬ ಒಂದೆರಡು ಪದಗಳಲ್ಲಿ ಕರಗಿಹೋಗುತ್ತವೆ. ಪದದೊಡನೆ, ನಷ್ಟವನ್ನು ಹೊರುವವರು ಯಾರೆಂಬ ವಿವೇಚನೆಯೂ ಕರಗುತ್ತದೆ. ಇದರ ಪರಿಣಾಮ ಶೈಲಿಗಷ್ಟೇ ಸೀಮಿತವಲ್ಲ. ಭೂಸುಧಾರಣಾ ತಿದ್ದುಪಡಿಯನ್ವಯ ೧೯೭೪ರ ಮಾರ್ಚ್ ೧ರಿಂದ ಗೇಣಿ ಪದ್ಧತಿ ಕಾನೂನಿನಲ್ಲಿ ಬಹುಮಟ್ಟಿಗೆ ಕೊನೆಗೊಂಡಿತು. ಅನಂತರದ ಲಾವಣಿ ಬಾಯಿಮಾತಿನದು. ಪಹಣಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಗೇಣಿಯ ಹೆಸರಿನಲ್ಲಿ ಪ್ರಶ್ನೆ ಕೇಳುವ ಸಮೀಕ್ಷೆಗೆ ಇಲ್ಲವೆಂಬ ಉತ್ತರ ದೊರೆತರೆ ಆಶ್ಚರ್ಯವಿಲ್ಲ. ಲೆಕ್ಕಕ್ಕೆ ಸಿಗದ ಆ ಸಾಗುವಳಿದಾರನು, ಪಹಣಿಯನ್ನೇ ಆಧರಿಸಿ ಹಂಚುವ ಬರಪರಿಹಾರದಿಂದಲೂ ಹೊರಗುಳಿಯುತ್ತಾನೆ. ಶಾಸ್ತ್ರದ ಪರಿಭಾಷೆ ಅವನನ್ನು ಕಾಣದಂತೆ ಮಾಡುವುದರಲ್ಲಿ ಕಾನೂನಿಗೆ ಜೊತೆಯಾಗುತ್ತದೆ.

ಇದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ೨೦೧೧ರಲ್ಲಿ ಸ್ಥಾಪನೆಗೊಂಡ ಜಾನಪದ ವಿಶ್ವವಿದ್ಯಾಲಯವಿದೆ. ಜಾನಪದ ಶಾಸ್ತ್ರದಲ್ಲಿ ‘ಲಾವಣಿ’ಯೆಂದರೆ ಒಂದು ಹಾಡಿನ ಪ್ರಕಾರ, ಹೊಲದ ಬದುವಿನಲ್ಲಿ ಅದೊಂದು ಆರ್ಥಿಕ ಸಂಬಂಧ. ಹಾಡನ್ನು ಒಂದು ಸಂಸ್ಥೆಗೂ ಬೇಸಾಯವನ್ನು ಇನ್ನೊಂದು ಸಂಸ್ಥೆಗೂ ಒಪ್ಪಿಸಿ, ನಡುವಣ ಮನುಷ್ಯನನ್ನು ಎರಡೂ ಕಾಣದಿದ್ದರೆ ಶಾಸ್ತ್ರಗಳ ವಿಭಜನೆಯು ನುಡಿಯ ವಿಭಜನೆಯೂ ಆಗಿಬಿಡುತ್ತದೆ.

೪

ಇಂಗ್ಲಿಷನ್ನು ಕೈಬಿಡಬೇಕೆಂಬುದು ಇಲ್ಲಿನ ವಾದವಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ೨೦೧೮ರಲ್ಲಿ ಮೊದಲು ಪ್ರಕಟಿಸಿದ, ಭಾರತದ ಉದ್ಯೋಗಸ್ಥಿತಿಯ ವರದಿಗಳಂಥವು ರಾಷ್ಟ್ರೀಯ ಚರ್ಚೆಯನ್ನು ಮುಟ್ಟುವುದರಲ್ಲಿ ಆ ಭಾಷೆಯ ಪಾತ್ರ ದೊಡ್ಡದು. ಕನ್ನಡದಲ್ಲಿಯೇ ಬರೆದುದೆಲ್ಲ ನೆಲದ ನುಡಿಗೆ ಹತ್ತಿರವಾಗಿರುತ್ತದೆಂದೂ ಹೇಳಲಾಗದು. ಸಂಸ್ಕೃತಭೂಯಿಷ್ಠವಾದ ಪಾರಿಭಾಷಿಕ ಕನ್ನಡವು ಮೇಡ್ಲೇರಿಯ ರೈತನಿಗೆ ಇಂಗ್ಲಿಷಿನಷ್ಟೇ ದೂರವಿರಬಲ್ಲುದು. ಉತ್ತರ ಇಟಲಿಯಲ್ಲಿ ೧೯೯೭ರಲ್ಲಿ ಸ್ಥಾಪಿತವಾದ ಬೋಲ್ಜಾನೊ ಮುಕ್ತ ವಿಶ್ವವಿದ್ಯಾಲಯದಲ್ಲಿ ಜರ್ಮನ್, ಇಟಾಲಿಯನ್, ಇಂಗ್ಲಿಷ್ ಮೂರೂ ಬೋಧನೆಯ ಭಾಷೆಗಳಾಗಿವೆ. ಆದರೆ ಆ ಮೂರೂ ರಾಜ್ಯಶಕ್ತಿಯ ಬೆಂಬಲವುಳ್ಳ, ಶಾಸ್ತ್ರಗ್ರಂಥಗಳ ದೀರ್ಘ ಪರಂಪರೆಯುಳ್ಳ ಭಾಷೆಗಳು. ಆದ್ದರಿಂದ ಆ ಮಾದರಿಯನ್ನು ಇಲ್ಲಿಗೆ ಹಾಗೆಯೇ ತರಲು ಬಾರದು.

ಇಲ್ಲಿ ಬೇಕಾದುದು ಅನುವಾದದ ದಿಕ್ಕನ್ನು ಇಮ್ಮುಖವಾಗಿಸುವುದು. ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಮೂಲನುಡಿಯಲ್ಲೇ ಕಾಪಾಡುವುದು, ಲಾವಣಿ, ಕೋರು, ಮುಯ್ಯಿಗಳಂಥ ಪದಗಳನ್ನು ಪರಿಕಲ್ಪನೆಗಳಾಗಿ ವಿವರಿಸಿ ಇಂಗ್ಲಿಷ್ ಪ್ರಬಂಧದೊಳಕ್ಕೆ ಒಯ್ಯುವುದು, ಕನ್ನಡದಲ್ಲಿ ಬರೆದ ಪ್ರೌಢಪ್ರಬಂಧಕ್ಕೆ ಸಮಾನ ಮನ್ನಣೆ ನೀಡುವುದು, ಸಂಶೋಧನೆಯ ಫಲವನ್ನು ಅದು ಹುಟ್ಟಿದ ಊರಿನ ಗ್ರಂಥಾಲಯಕ್ಕೆ ಮರಳಿಸುವುದು, ಇವು ಅಸಾಧ್ಯವಾದವುಗಳಲ್ಲ. ಸರ್ಕಾರದ ವಿಶ್ವವಿದ್ಯಾಲಯಗಳಿಗೆ ಅನುದಾನದ ಕೊರತೆಯ ನೆಪವಾದರೂ ಇದೆ. ಸಂಪನ್ಮೂಲವುಳ್ಳ ಖಾಸಗಿ ಸಂಸ್ಥೆಗೆ ಆ ನೆಪವಿಲ್ಲ.

ಮೇಡ್ಲೇರಿಯಂಥ ಊರಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ವಿದ್ಯಾರ್ಥಿಯು ತನ್ನ ಮಾತನ್ನು ಇಂದು ಬಹುಮಟ್ಟಿಗೆ ಮಾಹಿತಿಯಾಗಿ ಒಪ್ಪಿಸುತ್ತಾನೆ, ಸಿದ್ಧಾಂತವನ್ನು ಬೇರೆಡೆಯಿಂದ ಪಡೆಯುತ್ತಾನೆ. ಅವನ ಮಾತಿನಲ್ಲಿ ಈಗಾಗಲೇ ಇರುವ ವಿವೇಚನೆಯನ್ನು ಸಿದ್ಧಾಂತವೆಂದು ಗುರುತಿಸುವ ಸಂಸ್ಥೆಗೆ ಮಾತ್ರ ಬಹುಭಾಷಿಕವೆಂಬ ವಿಶೇಷಣ ಸಲ್ಲುತ್ತದೆ.