ಕುದಿಸುವುದಲ್ಲ, ಹಿಂಡುವುದು

ಮನೆಮದ್ದಿನ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಎರಡೇ ಕಾಲಂ: ಎಡಕ್ಕೆ ಕಾಯಿಲೆ, ಬಲಕ್ಕೆ ಸೊಪ್ಪು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿ ನಾನು ತುಂಬಿಸಿದ ಟಿಪ್ಪಣಿ ಪುಸ್ತಕವೂ ಹಾಗೇ ಇತ್ತು. 'ಕೆಮ್ಮು: ದೊಡ್ಡಪತ್ರೆ ಕಷಾಯ' ಎಂದು ಬರೆದುಕೊಂಡದ್ದನ್ನು ಓದಿ ಹೇಳಿದಾಗ ನ್ಯಾಮತಿಯ ಅಜ್ಜಿಯೊಬ್ಬರು ನಕ್ಕರು. "ಕುದಿಸಬ್ಯಾಡವ್ವ. ಹೆಂಚಿನ ಮ್ಯಾಲೆ ಬಾಡ್ಸಿ ಹಿಂಡು."

ನಾನು ತಪ್ಪಿದ್ದು ಸೊಪ್ಪಿನಲ್ಲಲ್ಲ, ಕ್ರಿಯಾಪದದಲ್ಲಿ.

ಇದು ಸಣ್ಣ ತಪ್ಪಲ್ಲ ಎಂದು ನನಗೆ ಅರಿವಾದದ್ದು ಚೀನಾದ ಒಂದು ಪ್ರಸಂಗದಿಂದ. 4ನೇ ಶತಮಾನದ ಗೆ ಹಾಂಗ್ ತನ್ನ ತುರ್ತುಮದ್ದುಗಳ ಕೈಪಿಡಿಯಲ್ಲಿ, ಚಳಿಜ್ವರಕ್ಕೆ ಚಿಂಗ್‌ಹಾವ್ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಲು ಹೇಳಿದ್ದ. ವಿಜ್ಞಾನಿ ತೂ ಯೂಯೂ ಅದನ್ನು ಮತ್ತೆ ಓದಿದಾಗ ಅಲ್ಲಿ 'ಕುದಿಸು' ಇಲ್ಲದಿರುವುದು ಕಣ್ಣಿಗೆ ಬಿತ್ತು. ಕಾವಿಗೆ ಸತ್ವ ಕೆಡುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲೇ ಕುದಿಯುವ ಈಥರ್ ಬಳಸಿದರು. 1971ರಲ್ಲಿ ಆ ದಾರಿ ಫಲಿಸಿತು. ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಸಿಕ್ಕಿತು. 2015ರಲ್ಲಿ ನೊಬೆಲ್ ಬಂತು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಅದು ಮೊದಲಿಗೆ ಒಂದು ಒಳ್ಳೆಯ ಓದು.

ಹೀಗೆ ಓದಿಸಿಕೊಳ್ಳಬೇಕಾದ ಪಠ್ಯಗಳು ನಮ್ಮಲ್ಲೂ ಇವೆ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' (ಕ್ರಿ.ಶ. 1025) ಅಡುಗೆ, ಮದ್ದು ಎರಡನ್ನೂ ಒಂದೇ ಹೊತ್ತಗೆಯಲ್ಲಿಟ್ಟಿತು. 14ನೇ ಶತಮಾನದ ಮಂಗರಾಜ ವಿಷಚಿಕಿತ್ಸೆಗೆಂದೇ 'ಖಗೇಂದ್ರಮಣಿದರ್ಪಣ' ಬರೆದ. ಸಾಹಿತ್ಯ ಚರಿತ್ರೆಯಲ್ಲಿ ಇವಕ್ಕೆ ಸಿಗುವುದು 'ಶಾಸ್ತ್ರಕೃತಿ' ಎಂಬ ಹಣೆಪಟ್ಟಿ, ಹೆಚ್ಚೆಂದರೆ ಒಂದೆರಡು ಪುಟ. ಕಾವ್ಯಗುಣವನ್ನಷ್ಟೇ ಹುಡುಕುವ ವಿಮರ್ಶೆಗೆ ಅರೆ, ತೇಯು, ಜಜ್ಜು, ಕಿವುಚುಗಳ ನಡುವಿನ ಅಂತರ ಕಾಣುವುದಿಲ್ಲ. ಆ ಅಂತರ ಗೊತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರ ಭಾಷೆಯನ್ನು ನಾವು ಬರೀ ಮಾಹಿತಿ ಎಂದುಕೊಂಡೆವು.

ಹೊನ್ನಾಳಿಯ ಒಬ್ಬರ ಪ್ರಕಾರ ಮೆಂತ್ಯವನ್ನು ಮಜ್ಜಿಗೆಯಲ್ಲಿ ನೆನೆಸಿದರೆ ತಂಪು, ಹುರಿದರೆ ಉಷ್ಣ. ಕಾಳು ಒಂದೇ, ಕ್ರಿಯೆ ಬೇರೆ. ಅಳತೆಯಂತೂ ನೆಲದ್ದೇ: ಚನ್ನಗಿರಿಯ ತೋಟದ ಮನೆಯಲ್ಲಿ ಬೆಲ್ಲ 'ಅಡಿಕೆ ಗಾತ್ರ', ಜಗಳೂರಿನ ಬೆದ್ದಲಿನಲ್ಲಿ ಶುಂಠಿ 'ಶೇಂಗಾ ಬೀಜದಷ್ಟು'. ನಾನು ಎರಡನ್ನೂ 'ಸ್ವಲ್ಪ' ಎಂದು ಬರೆದುಕೊಂಡಿದ್ದೆ.

ಹಾಗೆಂದು ಅಜ್ಜಿಯಂದಿರ ಮಾತೆಲ್ಲ ಸರಿ ಎನ್ನುವವಳಲ್ಲ ನಾನು. ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸಬೇಡಿ ಎನ್ನುತ್ತಾರೆ ಮಕ್ಕಳ ವೈದ್ಯರು. ಅದನ್ನೂ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.

ಈಗ ಪುಸ್ತಕದಲ್ಲಿ ಕ್ರಿಯಾಪದಕ್ಕೆಂದು ಮೂರನೇ ಕಾಲಂ ಎಳೆದಿದ್ದೇನೆ. ಅರ್ಧ ಖಾಲಿಯಿದೆ, ಮತ್ತೆ ಹೋಗಿ ಕೇಳಬೇಕು. ಮೊದಲ ಸುತ್ತಿನಲ್ಲಿ ಹೇಳಿಕೊಟ್ಟವರಲ್ಲಿ ಇಬ್ಬರು ಈಗಿಲ್ಲ. ಅವರ ಸಾಲುಗಳಲ್ಲಿ 'ಕಷಾಯ' ಎಂದಷ್ಟೇ ಇದೆ.